ಬದು ದಾಟಿದ ಮರಗಳು

ತೆಂಗಿನಕಾಯಿ ಕೊಳ್ಳಲು ಹೋದಾಗ, ಸ್ನೇಹಿತರೇ, ಮಾರುವವನು ಎತ್ತಿ ಹಿಡಿದ ಕಾಯಿಯನ್ನು ನೋಡಬೇಡಿ. ಮೊದಲು ಅವನ ಕೈಯನ್ನು ನೋಡಿ. ಇದು ನಾನು ನಿಮಗೆ ಪುಕ್ಕಟೆಯಾಗಿ ಕೊಡುತ್ತಿರುವ ಬುದ್ಧಿ, ಆದರೆ ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ಸೈಕಲ್ಲಿನ ಹಿಂದೆ ಎರಡು ಗೋಣಿಚೀಲ ಕಟ್ಟಿಕೊಂಡು ಶೆಟ್ಟಿಕೆರೆಯ ಕಡೆಯ ತೋಟಗಳನ್ನು ಸುತ್ತುತ್ತಿದ್ದ ನನ್ನ ಹರೆಯದ ದಿನಗಳಲ್ಲಿ ಒಬ್ಬ ತೋಟದ ಯಜಮಾನನಿದ್ದ. ಆಳು ಆರು ಅಡಿ, ಅಂಗೈ ಮೊರದಗಲ. ನನ್ನ ಸೈಕಲ್ಲಿನ ಗಂಟೆ ಕೇಳಿದೊಡನೆ ಆ ಮಹಾಶಯ ಮೆಲ್ಲನೆ ಕೊಟ್ಟಿಗೆಯತ್ತ ಸರಿದು, ಮಾದರಿ ಕಾಯಿ ತೋರಿಸುವುದಕ್ಕೆ ತನ್ನ ಹೆಂಡತಿಯನ್ನು ಕಳಿಸುತ್ತಿದ್ದ. ಆಕೆ ಗುಬ್ಬಚ್ಚಿಯಂಥ ಹೆಂಗಸು. ಆ ಪುಟ್ಟ ಅಂಗೈಯಲ್ಲಿ ಕೂತ ಕಾಯಿ ಕುಂಬಳಕಾಯಿಯ ತಮ್ಮನ ಹಾಗೆ ಕಾಣುತ್ತಿತ್ತು. ಎರಡು ಸಲ ಆ ಕೈಗೆ ಮೋಸಹೋಗಿ, ಚೀಲ ಬಿಚ್ಚಿದಾಗ ಉರುಳಿ ಬಂದ ಕಿರುಗಾಯಿಗಳನ್ನು ಕಂಡು ತಲೆ ಚಚ್ಚಿಕೊಂಡ ಮೇಲೆ, ಮೂರನೆಯ ಸಲ 'ತಾಯಿ, ಕಾಯಿಯನ್ನು ಕೆಳಗಿಡಿ, ಅದರ ಪಾಡಿಗೆ ಅದು ಕೂರಲಿ' ಎಂದೆ. ಕೊಟ್ಟಿಗೆಯೊಳಗಿಂದ ಯಜಮಾನನ ನಗು ಕೇಳಿಸಿತು. ನನ್ನ ವ್ಯಾಪಾರದ ವಿದ್ಯಾಭ್ಯಾಸ ಮುಗಿದದ್ದು ಅಂದು.

ಆಮೇಲೆ ನಾನೂ ಆ ವಿದ್ಯೆಯನ್ನು ನನ್ನದೇ ರೀತಿಯಲ್ಲಿ ಬೆಳೆಸಿದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಕೊಳ್ಳುವಾಗ ಕಾಯಿಯನ್ನು ತೋಳುದ್ದ ದೂರದಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, ನಿಂಬೆಹಣ್ಣನ್ನು ನೋಡುವಂತೆ ನೋಡುತ್ತೇನೆ. ಅದೇ ಕಾಯಿಯನ್ನು ಮಾರುವಾಗ ಗಿರಾಕಿಯ ಮೂಗಿಗೆ ಒಂದು ಗೇಣು ಹತ್ತಿರ ಒಯ್ಯುತ್ತೇನೆ. ಅವನಿಗೆ ಕಾಯಿಯ ಹೊರತು ಜಗತ್ತಿನಲ್ಲಿ ಬೇರೇನೂ ಕಾಣಬಾರದು. ಕಾಯಿ ಒಂದೇ, ಕೈ ಒಂದೇ, ಬದಲಾದದ್ದು ನನ್ನ ಉದ್ದೇಶ. ಹೀಗೆ ಒಂದೇ ವಸ್ತುವನ್ನು ಬೆಳಗ್ಗೆ ಕುಗ್ಗಿಸಿ ಸಂಜೆ ಹಿಗ್ಗಿಸುವುದೇ ವ್ಯಾಪಾರವೆಂದು ನಂಬಿ ಇಪ್ಪತ್ತೈದು ವರ್ಷ ತಿಪಟೂರಿನಲ್ಲಿ ಬಾಳಿದ ನನಗೆ, ಈ ಕಲೆಗೆ ಒಂದು ಸಂಖ್ಯೆಯಿದೆ, ಅದನ್ನು ಒಂದು ಸಾಲಿನಲ್ಲಿ ಬರೆದು ಕೊಟ್ಟರೆ ಯಂತ್ರವೂ ಅದನ್ನೇ ಮಾಡುತ್ತದೆ ಎಂದು ಗೊತ್ತಾದದ್ದು ಎಂಬತ್ತರ ದಶಕದ ನಡುವಿನಲ್ಲಿ, ನನ್ನ ಮನೆಯ ಮಹಡಿಯ ಮೇಲೆ.

ಮಹಡಿಯಲ್ಲಿ ಬಾಡಿಗೆಗಿದ್ದವರು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ನಾಗರಾಜ ಮೇಷ್ಟ್ರು. ಒಂಟಿ ಮನುಷ್ಯ, ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಿರದ ಮನುಷ್ಯ. ಒಂದು ದಿನ ಅವರು ಬೆಂಗಳೂರಿನಿಂದ ಪಂಚಾಂಗದ ಅಗಲದ, ಹಾರ್ಮೋನಿಯಮ್ಮಿನ ಮರಿಯಂಥ ಒಂದು ಕರಿಯ ಪೆಟ್ಟಿಗೆ ತಂದರು. ಅದಕ್ಕೆ ಒಂದು ಕಡೆ ಟೇಪ್ ರೆಕಾರ್ಡರು, ಇನ್ನೊಂದು ಕಡೆ ನಮ್ಮ ಮನೆಯ ಟೀವಿ. ಟೀವಿಯನ್ನು ಭಾನುವಾರ ಬೆಳಗ್ಗೆ ಮಹಡಿಗೆ ಹೊರುವುದು, ಮಧ್ಯಾಹ್ನಕ್ಕೆ ಇಳಿಸುವುದು, ಇದಕ್ಕೆ ಪ್ರತಿಯಾಗಿ ಮೇಷ್ಟ್ರು ನನಗೆ ಕಂಪ್ಯೂಟರು ತೋರಿಸುವುದು ಎಂದು ಒಪ್ಪಂದವಾಯಿತು. ನಾನು ಒಪ್ಪಂದವಿಲ್ಲದೆ ನೆಂಟರ ಮನೆಯಲ್ಲಿ ಊಟಕ್ಕೂ ಕೂರುವವನಲ್ಲ.

ಮೊದಲು ಅವರು ತೋರಿಸಿದ್ದೇ ಒಂದು ತೆಂಗಿನಮರ. ಎರಡು ಗೆರೆ ಕಾಂಡ, ಏಳು ಗರಿ, ನಾಲ್ಕು ಚುಕ್ಕೆ ಕಾಯಿ. ಕೆಟ್ಟದಾಗಿತ್ತು, ಆದರೆ ಮರವೆಂದು ಒಪ್ಪಬಹುದಿತ್ತು. ಆ ಮರವನ್ನು ಬರೆಯುವುದಕ್ಕೆ ಯಂತ್ರಕ್ಕೆ ಏನೇನು ಹೇಳಬೇಕೋ ಅದನ್ನೆಲ್ಲ ಅವರು ಒಳಗೆ ತುಂಬಿಸಿಟ್ಟಿದ್ದರು. ಹೊರಗಿನವರು ಹೇಳಬೇಕಾದದ್ದು ಎರಡೇ: ಯಾವ ಮರ, ಅದರ ಸ್ಕೇಲು ಎಷ್ಟು.

"ಒಳಗೆ ಏನು ನಡೆಯುತ್ತದೆ ಅನ್ನೋದು ನಿಮಗೆ ಬೇಡ ಯಜಮಾನ್ರೇ," ಎಂದರು ಮೇಷ್ಟ್ರು. "ಮರದ ನಂಬರು ಒತ್ತಿ, ಸ್ಕೇಲು ಒತ್ತಿ. ನಿಮಗೂ ಅದಕ್ಕೂ ಅಷ್ಟೇ ಮಾತು."

ನನಗೆ ತಕ್ಷಣ ಅರ್ಥವಾಯಿತು. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು ವ್ಯವಹಾರ ಮಾಡುವುದನ್ನು ನೀವು ಕಂಡಿರಬಹುದು. ಒಂದು ಬೆರಳು ಹಿಡಿದರೆ ಒಂದು ಲೆಕ್ಕ, ಎರಡು ಬೆರಳು ಹಿಡಿದರೆ ಇನ್ನೊಂದು. ಅವನ ಮನೆಯಲ್ಲಿ ಮದುವೆಯಿದೆಯೋ, ಎತ್ತಿಗೆ ಕೆಮ್ಮಿದೆಯೋ, ಅದೆಲ್ಲ ಟವೆಲ್ಲಿನ ಹೊರಗೆ. ಒಳಗೆ ಹೋಗುವುದು ಬೆರಳು ಮಾತ್ರ. ಮೇಷ್ಟ್ರ ಆ ಒಂದು ಸಾಲು ಇಂಥದೇ ಟವೆಲ್ಲು. ಅದರ ಆಚೆ ಕೂತ ಯಂತ್ರ ನೀವು ಒತ್ತಿದ ಬೆರಳನ್ನು ಮಾತ್ರ ನಂಬುತ್ತದೆ. ಆದ್ದರಿಂದ ಬೆರಳು ಒತ್ತುವ ಮೊದಲು ಯೋಚಿಸಿ. ಇದೂ ಪುಕ್ಕಟೆ ಬುದ್ಧಿಯೇ.

ಸ್ಕೇಲು ಒಂದು ಎಂದರೆ ಮರ ಇದ್ದಂತೆ ಇರುತ್ತದೆ. ಎರಡು ಎಂದರೆ ಎರಡರಷ್ಟು. ಅರ್ಧ ಎಂದರೆ ನೆಟ್ಟು ಮೂರು ವರ್ಷವಾದ ಗಿಡ. ಸೊನ್ನೆ ಎಂದು ಕೊಟ್ಟು ನೋಡಿದೆ, ಮರವೇ ಇಲ್ಲ! ಇದ್ದದ್ದೂ ಇಲ್ಲ, ಬುಡವೂ ಇಲ್ಲ, ಗುರುತೂ ಇಲ್ಲ. ನನ್ನ ಪರಿಚಯದ ಒಬ್ಬ ಮಹನೀಯರು ಚುನಾವಣೆ ಗೆದ್ದ ಮಾರನೆಯ ದಿನ ಊರಿನ ಜನಕ್ಕೆ ಇಟ್ಟ ಸ್ಕೇಲು ಇದೇ ಇರಬೇಕೆಂದು ನನಗೆ ಹೊಳೆಯಿತು. ಮೇಷ್ಟ್ರು ಮುಂದೆ ಹೋಗಿ ಮೈನಸ್ ಒಂದು ಒತ್ತಿದರು. ಗರಿ ಕೆಳಗೆ, ಬುಡ ಮೇಲೆ, ಮರ ತಲೆಕೆಳಗಾಗಿ ನೇತಾಡಿತು. ಇದಕ್ಕಂತೂ ನಮ್ಮ ಬೀದಿಯಲ್ಲೇ ಮೂರು ಉದಾಹರಣೆಗಳಿದ್ದವು. ನೀವು ಏನು ಒಳ್ಳೆಯದು ಮಾಡಿದರೂ ಅದನ್ನು ಅಷ್ಟೇ ಉದ್ದಕ್ಕೆ ತಿರುಗಿಸಿ ತೋರಿಸುವವರು. ಅಗಲಕ್ಕೆ ಬೇರೆ, ಎತ್ತರಕ್ಕೆ ಬೇರೆ ಸ್ಕೇಲು ಕೊಡಬಹುದು ಎಂದಾಗ ನಾನು ಎತ್ತರ ಒಂದು, ಅಗಲ ಎರಡು ಎಂದೆ. ಮೂಡಿಬಂದ ಮರವನ್ನೂ ನನ್ನನ್ನೂ ಒಮ್ಮೆ ನೋಡಿ, ಕಾಫಿ ತಂದಿದ್ದ ನನ್ನ ಹೆಂಡತಿ ಲೋಟ ಅಲ್ಲೇ ಇಟ್ಟು ಸೆರಗು ಬಾಯಿಗೆ ಹಿಡಿದುಕೊಂಡು ಇಳಿದು ಹೋದಳು. ನಲವತ್ತೈದು ದಾಟಿದ ಮೇಲೆ ದೇವರು ನನ್ನ ಮೇಲೂ ಅದೇ ಎರಡು ಸಂಖ್ಯೆಗಳನ್ನು ಒತ್ತಿದ್ದಾನೆ.

ಇಷ್ಟು ವಿನೋದವಾಗಿದ್ದ ಸಂಗತಿ ವಿನೋದದ ಮಟ್ಟದಲ್ಲೇ ಉಳಿಯಬಹುದಿತ್ತು. ಆದರೆ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಹಗಲಿರುಳು ಕೊರೆಯುತ್ತಿದ್ದದ್ದು ಹೊನ್ನವಳ್ಳಿಯ ನಮ್ಮ ತೋಟ.

ತೋಟ ನಮ್ಮ ತಂದೆಯದು, ಐವತ್ತೆರಡು ಮರ. ನಾನು ಹದಿನೆಂಟಕ್ಕೇ ಊರು ಬಿಟ್ಟು ಕಾಯಿ ವ್ಯಾಪಾರಕ್ಕೆ ಇಳಿದವನು. ತಮ್ಮ ಶಿವಣ್ಣ ಅಲ್ಲೇ ನಿಂತು ಬೇಸಾಯ ಮಾಡಿದವನು. ಮೂಡಲ ಅಂಚಿನಲ್ಲಿ ಬಾವಿ, ಬಾವಿಯ ಸುತ್ತ ಇಪ್ಪತ್ತು ಮರ. ನಡುವೆ ಒಂದು ಬದು. ಬದುವಿನ ಪಡುವಲಲ್ಲಿ ಮೂವತ್ತೆರಡು ಮರ. ಲೆಕ್ಕಕ್ಕೆ ಪಡುವಲ ಕಡೆ ದೊಡ್ಡದು, ಆದರೆ ಅಲ್ಲಿ ನೆಲ ಬರೀ ಗೊರಚಲು ಕಲ್ಲು, ನೀರು ಹರಿಯುವುದು ದೂರ. ಮರಗಳು ಬಡಕಲು ಸನ್ಯಾಸಿಗಳ ಹಾಗೆ ನಿಂತಿದ್ದವು. ಬಾವಿ ಕಡೆಯ ಇಪ್ಪತ್ತು ಮರಗಳಾದರೋ ಗೊನೆ ಹೊತ್ತು ಹೊತ್ತು ಸುಸ್ತಾದ ಹೆತ್ತ ತಾಯಂದಿರು. ನಮ್ಮಿಬ್ಬರ ನಡುವೆ ಪಾಲಾಗಬೇಕಿತ್ತು. ನನ್ನ ಪ್ರಸ್ತಾಪ ಸರಳ: ಬಾವಿ ಕಡೆಯ ಇಪ್ಪತ್ತು ನನಗೆ, ಪಡುವಲ ಮೂವತ್ತೆರಡು ಅವನಿಗೆ. ಕೇಳುವವರ ಕಿವಿಗೆ ಅಣ್ಣ ಹನ್ನೆರಡು ಮರ ಬಿಟ್ಟುಕೊಟ್ಟ ಧರ್ಮಾತ್ಮನ ಹಾಗೆ ಕೇಳಿಸಬೇಕು, ಅದು ನನ್ನ ಲೆಕ್ಕ.

ನನ್ನಲ್ಲಿ ನ್ಯಾಯ ಇರಲಿಲ್ಲವೆಂದು ತಿಳಿಯಬೇಡಿ. ಆ ಬಾವಿ ತೋಡಿಸಿದವನು ನಾನು, ವ್ಯಾಪಾರದ ಮೊದಲ ಸಂಪಾದನೆಯಲ್ಲಿ. ಆದರೆ ಬಾವಿ ತೋಡಿಸಿದ್ದು ಒಂದು ಬೇಸಗೆಯ ಕೆಲಸ. ಅದರಿಂದ ನೀರೆತ್ತಿ ಆ ಮರಗಳ ಬುಡಕ್ಕೆ ಹಾಯಿಸಿದ್ದು ಶಿವಣ್ಣನ ಇಪ್ಪತ್ತು ಬೇಸಗೆ. ನನಗೆ ಅಂಗಡಿಯಿತ್ತು, ಮನೆಯಿತ್ತು, ಮಹಡಿಯಿತ್ತು. ಅವನಿಗೆ ಇದ್ದದ್ದು ಆ ತೋಟ, ಎರಡು ಎಮ್ಮೆ, ಮಳೆ ಬಂದರೆ ರಾಗಿ. ಬಾವಿ ಕಡೆಯ ಮರ ಕೈಬಿಟ್ಟರೆ ಅವನ ಮನೆ ನಡೆಯುವುದು ಕಷ್ಟವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಸಲ ಊರ ಹಿರಿಯರ ಮುಂದೆ ಕೂತು ವಾದಿಸಿದ್ದೆ, ಎರಡು ಸಲವೂ ಮಾತು ಮುರಿದಿತ್ತು. ಚೌಕಾಸಿ ಎನ್ನುವುದು ಒಂದು ಚಟ, ಸ್ನೇಹಿತರೇ. ಎದುರಿಗೆ ಕೂತವನು ಯಾರೆಂದು ಅದು ನೋಡುವುದಿಲ್ಲ.

ಕಂಪ್ಯೂಟರಿನಲ್ಲಿ ತೆಂಗಿನಮರ ಕಂಡ ವಾರವೇ ನನಗೆ ಯೋಚನೆ ಬಂತು. ಇಡೀ ತೋಟವನ್ನು ಟೀವಿಯ ಮೇಲೆ ತಂದು, ಪ್ರತಿ ಮರಕ್ಕೂ ಅದರ ಫಸಲೆಂದು ನಾನು ಹೇಳಿದ ಸ್ಕೇಲು ಕೊಟ್ಟರೆ ತಮ್ಮನ ಪಾಲೇ ದೊಡ್ಡದೆಂದು ಕಣ್ಣಿಗೇ ಕಾಣುತ್ತದಲ್ಲ! ಹಿರಿಯರ ಮಾತು ಮೀರಬಹುದು, ಟೀವಿಯಲ್ಲಿ ಬಂದದ್ದನ್ನು ಯಾರು ಮೀರುತ್ತಾರೆ? ಮೇಷ್ಟ್ರಿಗೆ ತೋಟದ ನಕ್ಷೆ ಕೊಟ್ಟೆ. ಅವರು ಒಂದು ವಾರ ಉಣ್ಣದೆ ಕೂತು ಐವತ್ತೆರಡು ಮರಗಳನ್ನೂ ಅವುಗಳ ಜಾಗದಲ್ಲಿ ನೆಟ್ಟರು. ಟೀವಿಯ ಎಡಗಡೆ ಪಡುವಲು, ಬಲಗಡೆ ಬಾವಿ, ನಡುವೆ ಚುಕ್ಕೆ ಚುಕ್ಕೆಯ ಬದು. ಮೇಲಿನ ಅರ್ಧ ಆಕಾಶಕ್ಕೆ ಬಿಟ್ಟಿದ್ದರು.

ಭಾನುವಾರ ಬೆಳಗ್ಗೆ ಹೊನ್ನವಳ್ಳಿ ಬಸ್ಸಿನಲ್ಲಿ ಶಿವಣ್ಣನೂ ಅವನ ಹೆಂಡತಿ ಸಾಕಮ್ಮನೂ ಬಂದಿಳಿದರು. ಜಗಳವಿದ್ದರೂ ಚೀಲದಲ್ಲಿ ಹತ್ತು ಎಳನೀರು, ಒಂದು ಡಬ್ಬಿ ತುಪ್ಪ. ಮಹಡಿ ಹತ್ತಿ ಟೀವಿಯ ಮುಂದೆ ಚಾಪೆಯ ಮೇಲೆ ಕೂತರು. ಎಲ್ಲ ಮರಗಳೂ ಸ್ಕೇಲು ಒಂದರಲ್ಲಿ, ಒಂದೇ ತಾಯ ಮಕ್ಕಳ ಹಾಗೆ ನಿಂತಿದ್ದವು. ಶಿವಣ್ಣ ಬಹಳ ಹೊತ್ತು ದಿಟ್ಟಿಸಿದ.

"ಇದು ನಮ್ ತೋಟ್ವೇ ಕಣಣ್ಣ. ಆದ್ರೆ ಎಮ್ಮೆ ಕಾಣ್ತಾ ಇಲ್ವಲ್ಲ?"

"ಎಮ್ಮೆಗೆ ಜಾಗ ಸಾಲಲಿಲ್ಲ," ಎಂದರು ಮೇಷ್ಟ್ರು ಗಂಭೀರವಾಗಿ.

"ಓಗ್ಲಿ ಬುಡಿ ಸಾ. ಮೇಯಕ್ ಓಗೈತೆ ಅಂದ್ಕೊಳ್ಳನ."

ವ್ಯವಹಾರ ಶುರುವಾಯಿತು. ನಾನು ಮರದ ನಂಬರು ಕೂಗುವುದು, ಸ್ಕೇಲು ಹೇಳುವುದು. ಶಿವಣ್ಣ ಒಪ್ಪಿದರೆ ಮೇಷ್ಟ್ರು ಕಾಗದದಲ್ಲಿ ಬರೆದುಕೊಳ್ಳುವುದು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಯಂತ್ರಕ್ಕೆ ಕೊಡುವುದು. ನನ್ನ ತಂತ್ರ ನಿಮಗೆ ಈಗಾಗಲೇ ತಿಳಿದಿರಬೇಕು. ನನಗೆ ಬೇಕಾದ ಬಾವಿ ಕಡೆಯ ಮರಗಳನ್ನು ತೋಳುದ್ದ ದೂರ ಹಿಡಿದೆ: ಅರ್ಧ, ಅರ್ಧ, ಇದೂ ಅರ್ಧ, ಇದಕ್ಕೆ ಸುಳಿಯಲ್ಲಿ ಹುಳು, ಅರ್ಧ. ಅವನ ತಲೆಗೆ ಕಟ್ಟಬೇಕಾದ ಪಡುವಲ ಮರಗಳನ್ನು ಮೂಗಿನ ಹತ್ತಿರ ಒಯ್ದೆ: ಎರಡು, ಇದರ ಕಾಂಡ ನೋಡು, ಎರಡು, ಇದು ಮುಂದೆ ರಾಜನಾಗುತ್ತದೆ, ಎರಡು.

"ಹದಿಮೂರನೇ ಮರ ಅರ್ಧವಾ?" ಶಿವಣ್ಣ ಮೊಣಕಾಲಿನ ಮೇಲೆ ಎದ್ದ. "ಬಾವಿ ಮೆಟ್ಲತ್ರ ಇರದು? ಲೆಕ್ಕ ಆಕಿ ಮಾತಾಡಣ್ಣ. ನೀನು ಅತ್ತಿ ನೋಡಿದ್ಯಾ ಅದ್ನ?"

"ಇಪ್ಪತ್ತೈದು ವರ್ಷದಿಂದ ಕೆಳಗೆ ನಿಂತೇ ಫಸಲು ಹೇಳಿದ್ದೀನಿ ಕಣ್ಲಾ. ನನ್ನ ಕಣ್ಣು ತಪ್ಪಲ್ಲ."

"ಕೆಳಗಿಂದ ನೋಡಿದ್ರೆ ಗರಿ ಅಡ್ಡ ಬತ್ತದೆ."

"ಗರಿ ಜಾಸ್ತಿ, ಕಾಯಿ ಕಮ್ಮಿ. ಅರ್ಧ."

ಅದುವರೆಗೆ ಎಳನೀರು ಕೊಚ್ಚುತ್ತಿದ್ದ ಸಾಕಮ್ಮ ಮಚ್ಚನ್ನು ಕೆಳಗಿಟ್ಟಳು.

"ಅಲ್ಲ ಬಾವ, ಬಾವಿ ತಾವಿನ ಮರ ಅಷ್ಟು ಸಣ್ಣವು ಅಂದ್ಮೇಲೆ ನಮಗೇ ಬುಟ್ಬುಡಿ. ಬಡವರ ಮನೆಗೆ ಸಣ್ಣ ಮರವೇ ಚಂದ. ಆ ರಾಜ್ರು ಗೀಜ್ರೆಲ್ಲ ತಿಪಟೂರಲ್ಲೇ ಇರ್ಲಿ."

ಮೇಷ್ಟ್ರು ಕಾಗದದ ಹಿಂದೆ ಮುಖ ಅಡಗಿಸಿಕೊಂಡರು. ಇಂಥ ಪೆಟ್ಟು ಬಿದ್ದಾಗ ಕೆಮ್ಮಿ, ಕನ್ನಡಕ ಒರೆಸಿ, ಮುಂದಿನ ನಂಬರು ಕೂಗುವುದು ವ್ಯಾಪಾರದ ಹಳೆಯ ಉಪಾಯ. "ಬಾವಿ ತೋಡಿಸಿದ್ದು ನಾನಮ್ಮ," ಎಂದು ಗೊಣಗಿ ಹದಿನಾಲ್ಕನೆಯದಕ್ಕೆ ಹೋದೆ. ಕೊನೆಗೆ ಶಿವಣ್ಣ ಸೋತ. ಸೋತ ಎನ್ನುವುದಕ್ಕಿಂತ ದಣಿದ ಎನ್ನಬೇಕು. "ನೀನು ಏಳ್ದಂಗೇ ಬರ್ಕಳ್ಳಲಿ ಬುಡಣ್ಣ. ಟೀವಿ ಏನ್ ತೋರಿಸ್ತದೋ ನೋಡನ. ಅದ್ಕೆ ಒಪ್ಕತೀನಿ," ಎಂದು ಗೋಡೆಗೆ ಒರಗಿದ. ಸಾಕಮ್ಮ ಅವನನ್ನು ನೋಡಿದ ನೋಟ ನನ್ನ ಬೆನ್ನಿಗೂ ತಾಗಿತು. ಗೆದ್ದಿದ್ದೆ. ಗೆದ್ದಾಗ ಎಳನೀರು ಸಿಹಿಯಾಗಿರಬೇಕು. ಅಂದು ಅದು ಬರೀ ನೀರಾಗಿತ್ತು.

ಮೇಷ್ಟ್ರು ಸಂಖ್ಯೆಗಳನ್ನೆಲ್ಲ ಒತ್ತಿದರು. ಟೀವಿ ಖಾಲಿಯಾಯಿತು. ನಡುವೆ ಬದು ಮೂಡಿತು, ಆಮೇಲೆ ಬಾವಿಯ ಗುಂಡನೆಯ ಗೆರೆ. ಯಂತ್ರ ನಿಧಾನ, ಒಂದೊಂದು ಮರಕ್ಕೂ ನಾಲ್ಕು ಉಸಿರಿನ ಹೊತ್ತು. ಮೊದಲನೆಯದು ಬಾವಿ ಕಡೆಯ ಒಂದನೆಯ ಮರ, ಅರ್ಧ. ಬಾವಿಯ ಹತ್ತಿರ ಕಣ್ಣಿಟ್ಟು ಕಾದೆವು. ಅಲ್ಲಿ ಏನೂ ಮೂಡಲಿಲ್ಲ. ಬದುವಿನಿಂದ ಆಚೆ, ಶಿವಣ್ಣನ ಪಾಲಿನಲ್ಲಿ, ಒಂದು ಪುಟ್ಟ ಗಿಡ ಎದ್ದು ನಿಂತಿತು.

"ಇದೇನು?" ಎಂದೆ.

ಎರಡನೆಯದು, ಅರ್ಧ. ಅದೂ ಬದು ದಾಟಿತು. ಮೂರನೆಯದೂ ದಾಟಿತು. ನಾನು ಯಾವ ಯಾವ ಮರವನ್ನು ಅರ್ಧವೆಂದು ಕೂಗಿದ್ದೆನೋ ಆ ಇಪ್ಪತ್ತೂ ಶಾಲೆ ಬಿಟ್ಟ ಮಕ್ಕಳಂತೆ ಒಂದರ ಹಿಂದೆ ಒಂದು ಪಡುವಲಕ್ಕೆ ನಡೆದವು. ಬಾವಿ ಒಂಟಿಯಾಗಿ ಉಳಿಯಿತು. ಆಮೇಲೆ ಪಡುವಲ ಮರಗಳ ಸರದಿ. ಎರಡರಷ್ಟಾದ ಮೊದಲ ಮಹಾಮರ, ತನ್ನ ಜಾಗ ಬಿಟ್ಟು, ಬದು ಹಾರಿ, ಸ್ವಲ್ಪ ಆಕಾಶಕ್ಕೂ ಏರಿ, ಧಡೂತಿಯಾಗಿ ಬಂದು ನನ್ನ ಪಾಲಿನಲ್ಲಿ ನಿಂತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

ಸಾಕಮ್ಮ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ಹಿಡಿಯಲಾಗಲಿಲ್ಲ. "ಅಯ್ಯೋ ಶಿವನೇ! ಬಾವನೋರು ಯಾವ್ದನ್ನ ಬೈದ್ರೋ ಅದೆಲ್ಲ ನಮ್ಮನೆಗ್ ಬತ್ತಾ ಐತೆ! ಒಗಳಿದ್ದೆಲ್ಲ ಅವ್ರ್ ಮನೆಗೇ ಓಯ್ತಾ ಐತೆ!" ಶಿವಣ್ಣ ನಗಲಿಲ್ಲ. ಬಾಯಿ ತೆರೆದುಕೊಂಡು ಟೀವಿಯ ಹತ್ತಿರ ಸರಿದು, ಅಂಚಿನಲ್ಲಿ ಏನಾದರೂ ಸೋರುತ್ತಿದೆಯೇ ಎನ್ನುವಂತೆ ನೋಡಿದ.

ಮೇಷ್ಟ್ರ ಹಣೆ ಬೆವರಿತು. ಕಾಗದ ತಿರುಗಿಸಿ ಮುರುಗಿಸಿ ನೋಡಿ, ಪೆನ್ನು ಕಚ್ಚಿ, ಕೊನೆಗೆ ತಲೆ ಬಡಿದುಕೊಂಡರು. ತಪ್ಪು ಅವರದೇ. ನನಗೆ ತಿಳಿದಷ್ಟರ ಮಟ್ಟಿಗೆ ಹೇಳುತ್ತೇನೆ: ಟೀವಿಯ ಎಡ ಕೆಳಮೂಲೆಯೇ ಆ ಯಂತ್ರಕ್ಕೆ ಎಲ್ಲ ಅಳತೆಯ ಆರಂಭ. ಅಲ್ಲಿಂದ ನಿಂತು ಮರವನ್ನು ಎರಡರಷ್ಟು ಮಾಡು ಎಂದರೆ ಅದು ಮರವನ್ನು ಮಾತ್ರ ಹಿಗ್ಗಿಸುವುದಿಲ್ಲ, ಮೂಲೆಯಿಂದ ಮರದವರೆಗಿನ ದೂರವನ್ನೂ ಹಿಗ್ಗಿಸುತ್ತದೆ. ಹಾಗಾಗಿ ಮರ ದೂರ ಓಡುತ್ತದೆ. ಅರ್ಧ ಎಂದರೆ ದೂರವೂ ಅರ್ಧವಾಗಿ ಮರ ಮೂಲೆಯತ್ತ ಬರುತ್ತದೆ. ಹಾಗೆ ಆಗಬಾರದೆಂದರೆ ಮೊದಲು ಮರದ ಬುಡವನ್ನು ಮೂಲೆಗೆ ತಂದು ನಿಲ್ಲಿಸಿ, ಅಲ್ಲಿ ಹಿಗ್ಗಿಸಿಯೋ ಕುಗ್ಗಿಸಿಯೋ, ಮತ್ತೆ ಅದರ ಜಾಗಕ್ಕೆ ಕೊಂಡೊಯ್ದು ನೆಡಬೇಕಂತೆ. ಒಂದೇ ಮರವಿದ್ದಾಗ ಮೇಷ್ಟ್ರು ಅಳತೆಯನ್ನು ಅದರ ಬುಡದಿಂದಲೇ ಶುರುಮಾಡಿದ್ದರಿಂದ ಈ ತಪ್ಪು ಕಂಡಿರಲಿಲ್ಲ. "ಅದರದೇ ಬುಡದಲ್ಲಿ ನಿಂತು ಅಳೆಯಬೇಕಿತ್ತು ಯಜಮಾನ್ರೇ. ನಾನು ಎಲ್ಲವನ್ನೂ ನನ್ನ ಮೂಲೆಯಿಂದ ಅಳೆದುಬಿಟ್ಟೆ. ಎರಡು ಸಾಲು ಸೇರಿಸಿದರೆ ಸರಿಹೋಗುತ್ತದೆ, ಹತ್ತು ನಿಮಿಷ ಕೊಡಿ."

ಮೊದಲು ಬಾಯಿ ತೆರೆದವನು ಶಿವಣ್ಣ.

"ಸರಿ ಮಾಡ್ಬುಡಿ ಸಾ. ಮಿಷನ್ ತಪ್ಪಿಗೆ ಅಣ್ಣನ ಪಾಲು ಓಗಬಾರ್ದು."

ಸಾಕಮ್ಮ ಅವನ ತೊಡೆಗೆ ತಿವಿದದ್ದನ್ನು ನಾನು ನೋಡಿದೆ. "ಟೀವಿ ತೋರ್ಸಿದ್ದಕ್ಕೆ ಒಪ್ಕತೀನಿ ಅಂತ ಆಗ್ಲೇ ಏಳ್ಬುಟ್ರಲ್ಲ ನೀವು?" ಎಂದು ಅವಳು ಮೆಲ್ಲಗೆ ಕೇಳಿದಳು. ಅವನು ಅವಳ ಕೈ ಸರಿಸಿ, "ಸುಮ್ಕಿರು. ಅದು ತಪ್ಪು ಅಂತ ಮೇಷ್ಟ್ರೇ ಏಳ್ತವ್ರೆ," ಎಂದ.

ಸ್ನೇಹಿತರೇ, ವ್ಯಾಪಾರದಲ್ಲಿ ನನಗೆ ಮೋಸ ಮಾಡಲು ಬಂದವರನ್ನು ಎದುರಿಸುವ ವಿದ್ಯೆ ನನಗೆ ಹತ್ತಾರು ಗೊತ್ತು. ಎದುರಿಗೆ ಕೂತವನು ತನಗೆ ತಾನಾಗಿ ಬಂದದ್ದನ್ನು ನನ್ನ ಕಡೆಗೆ ನೂಕಿದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಮೇಷ್ಟ್ರು ಆಗಲೇ ಕೀಲಿಗಳ ಮೇಲೆ ಬೆರಳಿಟ್ಟಿದ್ದರು. ಅವರು ಸರಿಮಾಡಿದರೆ ಏನು ಕಾಣುತ್ತದೆಂದು ನನ್ನ ಕಣ್ಣಿಗೆ ಮೊದಲೇ ಕಟ್ಟಿತು. ಬಾವಿಯ ಸುತ್ತ ಇಪ್ಪತ್ತು ಕುಬ್ಜ ಮರಗಳು ತಮ್ಮ ತಮ್ಮ ಜಾಗದಲ್ಲೇ ನಿಂತಿರುತ್ತವೆ, ಒಂದೊಂದರ ಬುಡದಲ್ಲೂ ನಾನು ಹೇಳಿದ ಸುಳ್ಳು. ಆ ಮರಗಳಿಗೆ ನೀರು ಹಾಯಿಸಿದವನು ಅದನ್ನು ಕೂತು ನೋಡಬೇಕು. ಯಂತ್ರ ಮಾಡಿದ್ದಕ್ಕೂ ನಾನು ಇಷ್ಟು ವರ್ಷ ಮಾಡಿದ್ದಕ್ಕೂ ಏನು ವ್ಯತ್ಯಾಸ? ನಾನೂ ನನ್ನ ಅಂಗಡಿಯ ಮೂಲೆಯಲ್ಲಿ ಕೂತೇ ಹೊನ್ನವಳ್ಳಿಯ ಮರಗಳಿಗೆ ಸ್ಕೇಲು ಕೊಟ್ಟೆ. ತಮ್ಮನಿಗೂ ಕೊಟ್ಟೆ. ಅವನನ್ನು ಅರ್ಧವೆಂದಾಗಲೆಲ್ಲ ನನಗೂ ಅವನಿಗೂ ನಡುವಿನ ನೆಲವೂ ಸರಿದಾಡಿದ್ದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

"ಬೇಡಿ ಮೇಷ್ಟ್ರೇ, ಹಾಗೇ ಇರಲಿ," ಎಂದೆ.

"ತಪ್ಪಾಗಿದೆಯಲ್ಲ ಯಜಮಾನ್ರೇ!"

"ಗಣಿತದಲ್ಲಿ ತಪ್ಪಿರಬಹುದು. ವ್ಯಾಪಾರದಲ್ಲಿ ಬಾಯಿಂದ ಬಿದ್ದ ಮಾತು ಬಿದ್ದದ್ದೇ. ಬಾವಿ ಕಡೆ ಅರ್ಧ ಅಂದವನು ನಾನು, ಪಡುವಲ ಎರಡರಷ್ಟು ಅಂದವನೂ ನಾನು. ದೊಡ್ಡ ಮರಗಳು ಅಣ್ಣನಿಗೆ ಬಂದಿವೆ, ಸಣ್ಣವು ತಮ್ಮನಿಗೆ ಹೋಗಿವೆ. ನನಗೇನು ನಷ್ಟ?"

ಶಿವಣ್ಣ ನನ್ನ ಮುಖ ನೋಡಿದ. ಟವೆಲ್ಲಿನ ಕೆಳಗೆ ಯಾವ ಬೆರಳು ಹಿಡಿದಿದ್ದೇನೆಂದು ಹುಡುಕುವ ನೋಟ ಅದು. "ತಮಾಸೆ ಮಾಡಬ್ಯಾಡ ಕಣಣ್ಣ," ಎಂದ.

"ತಮಾಷೆ ಅಲ್ಲ ಕಣ್ಲಾ. ಬಾವಿ ನಿನ್ನದು."

"ಬಾವಿ ನೀನು ತೋಡ್ಸಿದ್ದು."

"ತೋಡಿಸಿದ್ದು ನಾನು, ಸೇದಿದ್ದು ನೀನು. ಎರಡನ್ನೂ ಆ ಯಂತ್ರಕ್ಕೆ ಕೊಟ್ಟು ನೋಡು, ಯಾವುದು ದೊಡ್ಡದು ಅಂತ."

ಇಷ್ಟಕ್ಕೆ ಮುಗಿಯಿತೆಂದುಕೊಂಡರೆ ನೀವು ನಮ್ಮ ಕಡೆಯವರಲ್ಲ. ಪಡುವಲ ಬೇಲಿಯ ಅಂಚಿನಲ್ಲಿ ವಿರಳವಾಗಿದ್ದ ಆರು ಮರಗಳು ಎರಡರಷ್ಟಾಗಿಯೂ ಬದು ದಾಟಿರಲಿಲ್ಲ. ಮೂಲೆಗೆ ತೀರಾ ಹತ್ತಿರವಿದ್ದದ್ದರಿಂದ ಅವಕ್ಕೆ ಓಡಲು ದೂರ ಸಾಲದೆ ಎಡಗಡೆಯೇ ಉಳಿದಿದ್ದವು. ಆ ಆರರ ಮೇಲೆ ಮತ್ತೆ ಚೌಕಾಸಿ ಎದ್ದಿತು, ಈ ಸಲ ತಲೆಕೆಳಗಾಗಿ. ಟೀವಿಯ ಪ್ರಕಾರ ಅವು ಅವನವು ಎಂದು ನಾನು; ಸಾಲು ಮುರಿಯಬಾರದು, ನೀನೇ ತಗೋ ಎಂದು ಅವನು. ನಾನು ಮರಗಳ ದೋಷ ಹೇಳಿ ಅವನಿಗೆ ಕೊಡಲು ನೋಡಿದರೆ, ಅವನು ಅವೇ ದೋಷಗಳನ್ನು ಒಪ್ಪದೆ, ಮರಗಳನ್ನು ಹೊಗಳಿ ಹೊಗಳಿ ನನ್ನ ಕಡೆ ದಬ್ಬಿದ. ಮೇಷ್ಟ್ರು ಪೆನ್ನು ಹಿಡಿದು ಯಾವ ಸಂಖ್ಯೆ ಬರೆಯಬೇಕೆಂದು ತಿಳಿಯದೆ ಇಬ್ಬರನ್ನೂ ನೋಡುತ್ತಿದ್ದರು. ಅರ್ಧ ಗಂಟೆ ಕೇಳಿದ ಸಾಕಮ್ಮ ಎದ್ದು ಸೆರಗು ಬಿಗಿದಳು.

"ಸಾಕ್ ಮಾಡಿ ಇಬ್ರೂವೆ! ಆ ಆರು ಹಬ್ಬಕ್ಕೆ, ನೆಂಟರಿಗೆ. ಯಾರೂ ಮುಟ್ಟಂಗಿಲ್ಲ. ಎದ್ದೇಳಿ, ಬಸ್ಸಿಗೆ ಒತ್ತಾಯ್ತು. ಬಾವ, ಆ ತುಪ್ಪದ ಡಬ್ಬಿ ಖಾಲಿ ಮಾಡ್ಕೊಡಿ, ನಮಗೆ ಅದೊಂದೇ ಇರದು."

ಹೀಗೆ ನನ್ನ ಪಾಲಿಗೆ ಇಪ್ಪತ್ತಾರು ಸನ್ಯಾಸಿಗಳು ಬಂದರು. ಮುಂದಿನ ಭಾನುವಾರ ಅವುಗಳಿಗೆ ನನ್ನ ಪಾಲೆಂಬ ಗುರುತಿಗೆ ಕೆಮ್ಮಣ್ಣಿನ ಪಟ್ಟಿ ಬಳಿಯಲು ಹೋದೆ. ಬಾವಿ ಕಡೆಯವಕ್ಕೆ ಶಿವಣ್ಣ ಸುಣ್ಣ ಬಳಿಯುತ್ತಿದ್ದ. ನಾನು ಎರಡರಷ್ಟು ಎಂದು ಕೂಗಿದ ಮರಗಳ ಬುಡದಲ್ಲಿ ಮೊದಲ ಸಲ ನಿಂತು ಮೇಲೆ ನೋಡಿದೆ. ಗರಿಗಳ ಸಂದಿನಲ್ಲಿ ಆಕಾಶ ಧಾರಾಳವಾಗಿ ಕಾಣುತ್ತಿತ್ತು, ಕಾಯಿ ಹುಡುಕಬೇಕಿತ್ತು. ನನ್ನ ವೃತ್ತಿಯಲ್ಲಿ ದೊಡ್ಡದೆಂದು ಹೇಳಿದ ಸರಕನ್ನು ಬೇರೆಯವರ ತಲೆಗೆ ಕಟ್ಟಿ ಬೆನ್ನು ತಿರುಗಿಸುವುದು ವಾಡಿಕೆ. ಈ ಸಲ ಕಟ್ಟಿಸಿಕೊಂಡ ತಲೆ ನನ್ನದೇ ಆಗಿತ್ತು. ನನ್ನ ಮಾತನ್ನು ಉಳಿಸಿಕೊಳ್ಳುವುದಕ್ಕೆ ಒಂದೇ ದಾರಿ ಕಂಡಿತು. ಆ ಮರಗಳನ್ನು ನಿಜವಾಗಿಯೂ ಎರಡರಷ್ಟು ಮಾಡಬೇಕು. ಅದಕ್ಕೆ ಒತ್ತುವ ಕೀಲಿ ಯಾವ ಪೆಟ್ಟಿಗೆಯಲ್ಲೂ ಇಲ್ಲ.

ನಿಮಗೊಂದು ಕೊನೆಯ ಬುದ್ಧಿಮಾತು. ಗೊರಚಲು ನೆಲದ ಮರಕ್ಕೆ ಬುಡದಿಂದ ಎರಡು ಮಾರು ಆಚೆಯವರೆಗೆ ಪಾತಿ ಬಿಡಿಸಬೇಕು, ಕೆರೆಗೋಡು ಮಣ್ಣು ತುಂಬಬೇಕು, ಕಾಯಿ ಸುಲಿದ ಮಟ್ಟೆಯನ್ನೇ ಮಗುಚಿ ಹೂಳಬೇಕು, ತೇವ ನಿಲ್ಲುತ್ತದೆ. ಇದು ನನಗೆ ಕಲಿಸಿದವನು ಶಿವಣ್ಣ. ಬಾವಿಯಿಂದ ಬದುವಿನಡಿ ಒಂದು ಕಾಲುವೆ ತೆಗೆದು ಪಡುವಲಕ್ಕೆ ನೀರು ತಿರುಗಿಸಿದವನೂ ಅವನೇ. ನೀರು ಕೇಳುವುದಕ್ಕೆ ನನಗೆ ಬಾಯಿ ಬಂದಿರಲಿಲ್ಲ. ಮೂರು ವರ್ಷ ಭಾನುವಾರಗಳೆಲ್ಲ ಅಲ್ಲೇ ಕಳೆದವು. ಅಗಲದ ಸ್ಕೇಲು ಎರಡರಿಂದ ಒಂದೂವರೆಗೆ ಇಳಿಯಿತೆಂದು ನನ್ನ ಹೆಂಡತಿಯ ಅಂದಾಜು.

ಮೂರನೆಯ ವರ್ಷದ ಕೊನೆಯಲ್ಲಿ ಶಿವಣ್ಣ ಪಡುವಲ ಸಾಲಿನ ಮೊದಲ ಮರ ಹತ್ತಿದ. ನಾನು ಕೆಳಗೆ ನಿಂತು ಕತ್ತು ನೋಯಿಸಿಕೊಂಡು ಕಾಯುತ್ತಿದ್ದೆ. ಗರಿಗಳ ನಡುವೆ ಅವನ ತಲೆ ಮರೆಯಾಯಿತು. ಒಂದೊಂದೇ ಗೊನೆ ಮುಟ್ಟಿ ನೋಡುವ ಸದ್ದು ಕೇಳಿಸುತ್ತಿತ್ತು.

"ಎಷ್ಟು ಅನ್ನಬಹುದೋ?" ಎಂದು ಕೂಗಿದೆ.

"ಒಂದೂಕಾಲು ಅನ್ಬೌದು ಕಣಣ್ಣ!"

"ಸರಿಯಾಗಿ ನೋಡ್ಲಾ! ಗರಿ ಅಡ್ಡ ಬಂದಿರಬೇಕು. ಒಂದೂವರೆ ಅನ್ನು!"

ಅವನ ನಗು ಮರದುದ್ದಕ್ಕೂ ಇಳಿದು ಬಂತು.

"ಅತ್ತಿ ನೋಡೋನು ನಾನು, ಸಂಖ್ಯೆ ಏಳೋನು ನೀನಾ? ಒಂದೂಕಾಲು. ಮುಂದಿನ್ ವರ್ಸಕ್ಕೆ ನೋಡನ!"

ನಾನು ಚೌಕಾಸಿ ಮಾಡದೆ ಒಪ್ಪಿಕೊಂಡೆ.